ಕಡ್ಲಿ ಎಂದರೆ ಕಡಲೆ

ಹಿಂಗಾರಿ ಬೀಜ ಹಂಚುವ ಹಿಂದಿನ ದಿನವೇ ನಮ್ಮ ರೈತ ಸಂಘಕ್ಕೆ ಹೊಸ ತಂತ್ರಾಂಶ ಬಂತು. ಹಳೆಯದರಲ್ಲಿದ್ದ ರೈತರ ವಿವರಗಳನ್ನೆಲ್ಲ ಹೊಸದಕ್ಕೆ ಕಾಪಿ ಮಾಡಲು ಕಂಪ್ಯೂಟರಿಗೆ ಕೊಡುವ ಆಜ್ಞೆ, ಅಂದರೆ ಕ್ವೆರಿ, ಬರೆದವಳು ನಾನು. ಓಡಿಸಿದೆ. ಒಂದು ತಪ್ಪನ್ನೂ ತೋರಿಸದೆ 'ಮುಗಿಯಿತು' ಎಂದಿತು. ನಿಶ್ಚಿಂತೆಯಿಂದ ಮನೆಗೆ ಹೋದೆ.

ಮರುದಿನ ಸಾಲಿನಲ್ಲಿ ನಮ್ಮ ಕಾಕಾ, ಹೆಗಲ ಮೇಲೆ ಖಾಲಿ ಚೀಲ. ಹುಡುಕಿದರೆ ಹೆಸರೇ ಇಲ್ಲ.

"ಕಾಕಾ, ನಿಮ್ಮ ಹೆಸರು ಬರವಲ್ದು ನೋಡ್ರಿ."

"ಇಲ್ಲೇ ನಿಂತು ಬರಿಸೇನಲ್ಲ ಬೇ! ನಾ ಏನ್ ಸತ್ತೇನೇನು?"

ಅವರ ಹಿಂದಿನವರದೂ ಇಲ್ಲ. ಅವರ ನಂತರದವರದು ಇತ್ತು. ಹೊಸ ತಂತ್ರಾಂಶದಿಂದ ಚೀಟಿ ಬಂದರೆ ಮಾತ್ರ ಬೀಜದ ಚೀಲ; ಅದರ ಪಟ್ಟಿಗಿಂತ ಹೆಚ್ಚಿಗೆ ಇದ್ದ ಬೀಜ ಬೇರೆ ಕೇಂದ್ರಕ್ಕೆ. ಹೊರಗೆ ಆಗಲೇ ಲಾರಿಗೆ ಹೇರುತ್ತಿದ್ದರು. ಎರಿ ಹೊಲದ ಕಪ್ಪು ಮಣ್ಣಿನ ಹಸಿ ಆರಿದ ಮೇಲೆ ಕಾಕಾ ಬೀಜ ಒಯ್ದು ಏನು ಮಾಡಬೇಕು?

ಮೊಬೈಲ್ ನಂಬರ್ ಇಲ್ಲದವರು ಬಿಟ್ಟುಹೋದರೇ? ಕಾಕಾನ ನಂಬರ್ ಇತ್ತು. ಒಂದೇ ಊರಿನವರೇ? ಅದೂ ಅಲ್ಲ. ತಪ್ಪಾಗಿದ್ದರೆ ಬಾಯಿ ಬಿಟ್ಟು ಹೇಳಬಾರದೇ ಈ ಯಂತ್ರ? ಸಿಟ್ಟಿಗೆ ಮೌಸ್ ಕುಟ್ಟಿದೆ.

"ಎಲ್ಲಾರೂ ಒಯ್ಯಾಕತ್ತಾರ, ನಮಗಷ್ಟ ಕಡ್ಲಿ ಇಲ್ಲೇನು?" ಕಾಕಾ ಗದರಿದರು.

ಕಡ್ಲಿ. ನಾನು ಪರದೆ ನೋಡಿದೆ. ಹೊಸದರ ಬೆಳೆಗಳ ಪಟ್ಟಿಯಲ್ಲಿ 'ಕಡಲೆ' ಎಂದಿತ್ತು. ಹಳೆಯದನ್ನು ತೆರೆದು ಕಾಕಾನ ಸಾಲು ನೋಡಿದೆ: 'ಕಡ್ಲಿ'. ಮೊದಲು ಇಲ್ಲಿ ಟೈಪ್ ಮಾಡುತ್ತಿದ್ದವರು ಇಬ್ಬರು. ಮೈಸೂರು ಕಡೆಯವರು 'ಕಡಲೆ' ಎಂದು ಬರೆದಿದ್ದರು, ನಮ್ಮೂರಿನವರು ಕಿವಿಗೆ ಬಿದ್ದಂತೆ 'ಕಡ್ಲಿ' ಎಂದು. ನನ್ನ ಕ್ವೆರಿ ಎರಡೂ ಕಡೆ ಬೆಳೆಯ ಹೆಸರು ಒಂದೇ ಇದ್ದವರನ್ನಷ್ಟೇ ಒಯ್ದು, ಉಳಿದವರನ್ನು ಸದ್ದಿಲ್ಲದೆ ಬಿಟ್ಟಿತ್ತು.

"ಲಾರಿ ನಿಲ್ಲಸ್ರಿ!" ಎಂದು ಕೂಗಿದೆ. ಸಂಘದ ಕಾರ್ಯದರ್ಶಿ ಓಡಿದರು. ಕಡ್ಲಿ ಎಂದರೆ ಕಡಲೆಯೇ ಎಂದು ಕ್ವೆರಿಗೆ ಒಂದು ಸಾಲು ಸೇರಿಸಿ, ಬಿಟ್ಟುಹೋದವರಿಗಾಗಿ ಮತ್ತೆ ಓಡಿಸಿದೆ. ಕಾಕಾನ ಹೆಸರು ಬಂತು. ನನಗೆ ಅಳುವೇ ಬಂದಿತ್ತು.

ಚೀಟಿ ಕೈಗೆ ಬಂದರೂ ಕಾಕಾ ಕದಲಲಿಲ್ಲ. "ಏನಾಗಿತ್ತ ಬೇ?"

"ನೀವು ಕಡ್ಲಿ ಅಂತೀರಿ, ಇದಕ್ಕ ಕಡಲೆ ಅನ್ನಬೇಕಂತ್ರಿ."

"ಬಿತ್ತಾಂವ ನಾನೋ, ಅದೋ?" ಎಂದು ಬೈಯುತ್ತಲೇ ಚೀಲ ಒಯ್ದರು.

ಕಡಲೆ ಚೀಲಗಳನ್ನಷ್ಟೇ ಇಳಿಸಿಕೊಂಡು, ಉಳಿದ ಬೀಜದೊಂದಿಗೆ ಲಾರಿಯನ್ನು ಬಿಟ್ಟರು. ಅದು ಗೇಟು ದಾಟುವ ಸದ್ದು ಕೇಳಿ, ತಂಬಿಗೆ ಎತ್ತಿ ನೀರು ಕುಡಿದೆ. ಸಾಲಿನಲ್ಲಿ ಮುಂದಿದ್ದ ಅಜ್ಜಿ ಮೇಜಿನ ಹತ್ತಿರ ಬಂದಳು. ಅವಳ ಹೆಸರೂ ಇರಲಿಲ್ಲ.

"ನಿಂದೂ ಕಡ್ಲಿ ಏನಬೇ ಯಮ್ಮಾ?"

"ಇಲ್ಲವಾ," ಎಂದಳು, "ನಂದು ಕುಸುಬಿ."

ಪರದೆಯ ಮೇಲೆ 'ಕುಸುಬೆ' ಎಂದಿತ್ತು. ನಾನು ಚಪ್ಪಲಿ ಮೆಟ್ಟದೆ ಲಾರಿಯ ಹಿಂದೆ ರಸ್ತೆಗೆ ಓಡಿದೆ.