ಎರಡು ಕಡೆ ಒಬ್ಬಳೇ ಅಜ್ಜಿ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ನವಲಗುಂದ, ಕುಂದಗೋಳ ತಾಲೂಕುಗಳಲ್ಲಿ ತಿರುಗುವ ಕ್ಷಯರೋಗ ತಪಾಸಣೆಯ ವ್ಯಾನಿನಲ್ಲಿ ಎಕ್ಸ್-ರೇ ಟೆಕ್ನಿಷಿಯನ್. ಎದೆಯ ಚಿತ್ರ ತೆಗೆಯುವುದು, ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದು ಒಣಗಿಸುವುದು ನನ್ನ ಕೆಲಸ. ಯಮನೂರಿನ ಹತ್ತಿರದ ಹಳ್ಳಿಯೊಂದರಲ್ಲಿ, ಏಳು ತಿಂಗಳ ಕೂಸಿನ ತಾಯಿ ನೀಲವ್ವನ ಫಿಲ್ಮ್ ತೊಳೆದು ಬೆಳಕಿಗೆ ಹಿಡಿದೆ. ಎರಡೂ ಪುಪ್ಪುಸದ ತುಂಬ ಸಣ್ಣ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು.

“ಫಿಲ್ಮ್ ತೊಳಿಯಾಕೂ ಬರೂದಿಲ್ಲೇನ್ರಿ ನಿಮಗ?” ಎಂದರು ವ್ಯಾನಿನ ಡಾಕ್ಟರ್ ಸಾಹೇಬರು.

ದ್ರಾವಣ ಬದಲಿಸಿ ಮತ್ತೆರಡು ಸಲ ತೆಗೆದೆ. ರವೆ ಅಲ್ಲೇ ಇತ್ತು. ಆಗ ಸಾಹೇಬರು ಕ್ಷಯ ಎಂದು ಬರೆದು, ಸೂಜಿಮದ್ದು ಶುರು ಮಾಡಿ, ಕೂಸನ್ನು ತಾಯಿಯಿಂದ ದೂರ ಇಡಲು ಹೇಳಿದರು. ಅತ್ತೆ ಅಂದೇ ಕೂಸನ್ನು ಎತ್ತಿಕೊಂಡಳು. ನೀಲವ್ವನ ತಾಟು, ಹಾಸಿಗೆ ಹಿತ್ತಲ ಕೋಣೆಗೆ ಹೋದವು.

ಅವಳ ಕಫವನ್ನು ಮೂರು ಸಲ ಪರೀಕ್ಷಿಸಿದರೂ ಕ್ಷಯದ ಕ್ರಿಮಿ ಸಿಗಲಿಲ್ಲ. ಕೆರೆಯಿಂದ ಎರಡು ಕೊಡ ನೀರು ಹೊತ್ತು ತಂದರೂ ಅವಳು ತೇಕುತ್ತಿರಲಿಲ್ಲ. ಇದನ್ನು ಸಾಹೇಬರಿಗೆ ಹೇಳಿದೆ.

“ನೀವು ಫೋಟೋ ತಗಿಯಾವ್ರು, ಓದಾವ್ರಲ್ಲ,” ಎಂದರು. ಅಲ್ಲಿಗೇ ಬಿಟ್ಟು ಮುಂದಿನ ಫಿಲ್ಮ್ ತೊಳೆಯಲು ಹೋದೆ. ಹಾಗೆ ಬಿಟ್ಟುಕೊಟ್ಟ ಸಿಟ್ಟು ನನ್ನ ಮೇಲೆ ನನಗೆ ಇಂದಿಗೂ ಇದೆ.

ತಿಂಗಳ ಮೇಲೆ ವ್ಯಾನ್ ಕುಂದಗೋಳದ ಕಡೆ ಹೋದಾಗ, ಅಲ್ಲಿ ಒಕ್ಕಲುತನ ಮಾಡುವ ನೀಲವ್ವನ ಅಣ್ಣನ ಎದೆಯಲ್ಲೂ ಅದೇ ರವೆ ಕಂಡಿತು. ಅವಳ ಜೊತೆ ಒಂದೇ ಮನೆಯಲ್ಲಿದ್ದ ಗಂಡನ ಫಿಲ್ಮ್ ಮಾತ್ರ ಸ್ವಚ್ಛ. ಹತ್ತುವ ರೋಗವಾದರೆ ಹೀಗೇಕೆ? ರಜೆ ಹಾಕಿ, ಸಾಹೇಬರನ್ನು ಕೇಳದೆ, ಫಿಲ್ಮ್‌ಗಳನ್ನು ಮೆಡಿಕಲ್ ಕಾಲೇಜಿನ ಪ್ರೊಫೆಸರರೊಬ್ಬರಿಗೆ ಒಯ್ದು ತೋರಿಸಿದೆ. ಅವರು, ಇಂಥ ಅಪರೂಪದ ರೋಗಿಗಳ ಮಾಹಿತಿಯನ್ನು ನಾನಾ ದೇಶಗಳಿಂದ ಕೂಡಿಸುತ್ತಿದ್ದ ವಿದೇಶಿ ಸಂಶೋಧಕರಿಗೆ ಪ್ರತಿ ಕಳಿಸಿದರು. ಪಲ್ಮನರಿ ಆಲ್ವಿಯೋಲಾರ್ ಮೈಕ್ರೊಲಿಥಿಯಾಸಿಸ್ ಇರಬಹುದು ಎಂದು ಉತ್ತರ ಬಂತು. ಪುಪ್ಪುಸದ ಗಾಳಿಚೀಲಗಳಲ್ಲಿ ಸುಣ್ಣದ ಹರಳು ಕಟ್ಟುವ, ವಂಶದಲ್ಲಿ ಬರುವ ರೋಗ ಅದು. ಖಾತ್ರಿಗೆ ಮನೆತನದ ವಂಶನಕ್ಷೆ ಬೇಕೆಂದಿದ್ದರು.

ನೀಲವ್ವನ ತಾಯಿಯನ್ನು ಕೇಳಿ ಬರೆದು ಕಳಿಸಿದೆ. ನಕ್ಷೆ ತಿರುಗಿ ಬಂತು. ಒಬ್ಬಳೇ ಹೆಂಗಸು ತಂದೆಯ ಕಡೆ ಅಜ್ಜಿ, ತಾಯಿಯ ಕಡೆ ಮುತ್ತಜ್ಜಿ ಆಗಿದ್ದಾಳೆ, ತಪ್ಪು ತಿದ್ದಿ ಎಂದು ಕೆಂಪು ಗುರುತು ಹಾಕಿದ್ದರು.

“ಅವರು ದೊಡ್ಡವರು, ನೀವೇ ಎಲ್ಲೋ ತಪ್ಪಿರಬೇಕು,” ಎಂದು ಪ್ರೊಫೆಸರರು ಹೊಸ ಹಾಳೆ ಕೊಟ್ಟರು.

“ತಿದ್ದೂದಿಲ್ರಿ. ಆಕಿ ಅಪ್ಪ ಸ್ವಂತ ಅಕ್ಕನ ಮಗಳನ್ನ ಲಗ್ನ ಆಗ್ಯಾನ್ರಿ. ನಮ್ಮ ಕಡೆ ಇದು ರೂಢಿ. ಅಜ್ಜಿ ಇರೂದ ಒಬ್ಬಾಕಿ!”

ಒಂದು ಗೆರೆಯೂ ಬದಲಾಗದೆ ಅದೇ ನಕ್ಷೆ ಮತ್ತೆ ಸಮುದ್ರ ದಾಟಿತು. ಈ ಸಲ ಉತ್ತರದಲ್ಲಿ ಕ್ಷಮೆ ಕೇಳಿದ್ದರು. ಅವರಿಗೆ ಬೇಕಾಗಿದ್ದ ಸಾಕ್ಷಿ ಅದೇ ಆಗಿತ್ತು: ಒಂದೇ ಮನೆತನದ ದೋಷ ತಂದೆ ತಾಯಿ ಇಬ್ಬರಿಂದಲೂ ಮಕ್ಕಳಿಗೆ ದಾಟಿತ್ತು. ಇದಕ್ಕೆ ಔಷಧವಿಲ್ಲ, ಆದರೆ ಇದು ಯಾರಿಗೂ ಹತ್ತುವುದಿಲ್ಲ. ಸೂಜಿಮದ್ದು ಬೇಡ, ಕೂಸು ತಾಯಿಯ ಬಳಿಯೇ ಇರಲಿ ಎಂದು ಬರೆದಿದ್ದರು.

ಪತ್ರ ಹಿಡಿದು ನೇರ ನೀಲವ್ವನ ಮನೆಗೆ ಹೋಗಿ ಓದಿ ಹೇಳಿದೆ. “ಸಾಹೇಬ್ರ ಸಹಿ ಎಲ್ಲೈತ್ರಿ?” ಎಂದಳು ಅತ್ತೆ.

“ಸಹಿ ಆಮ್ಯಾಲ ಬರತೈತ್ರಿ. ಕೂಸು ಇವತ್ತ ಕೊಡ್ರಿ.”

ನೀಲವ್ವ ಮುಂದಿನ ಮಾತಿಗೆ ಕಾಯಲಿಲ್ಲ, ಅತ್ತೆಯ ಕಂಕುಳಿಂದ ಕೂಸನ್ನು ಎಳೆದುಕೊಂಡಳು. ಪತ್ರಗಳು ಓಡಾಡಿದ ಆ ಆರೇಳು ತಿಂಗಳಲ್ಲಿ ಅದು ನಡೆಯಲು ಕಲಿತಿತ್ತು. ತಾಯಿಯ ಗುರುತು ಸಿಗದೆ ಚೀರತೊಡಗಿತು. ಅತ್ತೆ ಕೈ ಚಾಚಿದಳು.

“ಅಳಲಿ ಬಿಡ್ರಿ ಅತ್ತಿ, ನನ್ನ ತೊಡಿ ಮ್ಯಾಲ ಅಳಲಿ,” ಎಂದು ನೀಲವ್ವ ಹೊಸ್ತಿಲ ಬಳಿಯೇ ಕೂತುಬಿಟ್ಟಳು.

ಅಪ್ಪಣೆಯಿಲ್ಲದೆ ಫಿಲ್ಮ್ ಒಯ್ದದ್ದಕ್ಕೆ ಸಾಹೇಬರು ನನಗೆ ಮೆಮೊ ಕೊಟ್ಟರು. ಇನ್ನೊಮ್ಮೆ ಬೇಕಾದರೂ ಒಯ್ಯುತ್ತೇನೆ ಎಂದು ಒಂದೇ ಸಾಲಿನಲ್ಲಿ ಉತ್ತರ ಬರೆದೆ. ಕಣ್ಣಿಗೆ ಕಂಡದ್ದನ್ನು ಹೇಳಲು ದೊಡ್ಡ ಹುದ್ದೆ ಬೇಕಿಲ್ಲ ಎಂಬುದನ್ನು ಈ ನೌಕರಿ ನನಗೆ ಕಲಿಸಿತು, ಆದರೆ ತಡವಾಗಿ. ಮೊದಲ ದಿನವೇ ಹಟ ಹಿಡಿದಿದ್ದರೆ ಆ ಕೂಸು ತಾಯಿಯನ್ನು ಮರೆಯುತ್ತಿರಲಿಲ್ಲ.