ಟೌನ್ ಹಾಲಿನ ಹೊಸ್ತಿಲು

ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೂ ಬೆಲ್ಜಿಯಂ ದೇಶದ ಹಳೇ ಊರೊಂದರ ಚೌಕದಲ್ಲಿ ಯಾವ ಮನೆಯ ಪಕ್ಕ ಯಾವುದಿದೆ, ಯಾವುದಕ್ಕೆ ಎಷ್ಟು ಕಿಟಕಿ ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಹೋಗಿ ನೋಡಿದ್ದಲ್ಲ, ಕಟ್ಟಿದ್ದು. ಗೋರೆಗಾಂವ್‌ನ ಸ್ಟುಡಿಯೊ ಒಂದರ ಬಯಲಿನಲ್ಲಿ, ಸಿನಿಮಾಕ್ಕಾಗಿ, ಪ್ಲೈವುಡ್ಡು ಮತ್ತು ಫೈಬರಿನಲ್ಲಿ.

ಅದಕ್ಕೂ ಮೊದಲು ಹದಿನಾರು ವರ್ಷ ಬೇರೆಯವರ ಕೈಕೆಳಗೆ ಸೆಟ್ಟಿನ ಬಾಗಿಲು, ಮೆಟ್ಟಿಲು ಮಾಡಿಕೊಂಡಿದ್ದೆ. ಇಡೀ ಸೆಟ್ಟನ್ನು ನನ್ನ ಕೈಗೆ ಕೊಟ್ಟದ್ದು ಅದೇ ಮೊದಲು. ಕೆಟ್ಟರೆ ಮತ್ತೆ ಬಾಗಿಲು ಮಾಡಲಿಕ್ಕೇ ಹೋಗಬೇಕೆಂದು ಗೊತ್ತಿತ್ತು.

ಕಲಾ ನಿರ್ದೇಶಕಿ ಕೊಟ್ಟ ನಕ್ಷೆಯಲ್ಲಿ ಟೌನ್ ಹಾಲಿನ ಗೋಪುರ ಕಟ್ಟಡದ ನಟ್ಟನಡುವೆ ಇರಲಿಲ್ಲ. ಎಡಕ್ಕೆ ಹೆಚ್ಚು ಕಮಾನು, ಬಲಕ್ಕೆ ಕಡಿಮೆ. ಮೂರು ಸಲ ಅಳೆದು ಆಮೇಲೆ ಕೇಳಿದೆ. “ಎರಡು ಕಾಲದಲ್ಲಿ ಕಟ್ಟಿದ್ದು ಮೇಸ್ತ್ರಿ, ಹಾಗೇ ಇರಲಿ” ಎಂದು ಹಿಂದಿಯಲ್ಲಿ ಹೇಳಿದರು. ಇದನ್ನು ಗಮನಿಸಿ ಕೇಳಿದವನು ನೀನೊಬ್ಬನೇ ಎಂದೂ ಸೇರಿಸಿದರು. ಸುತ್ತಲೂ ಎತ್ತರದ ಇಕ್ಕಟ್ಟು ಮನೆಗಳು, ನೆತ್ತಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುವಂಥವು. ಒಂದೊಂದು ಒಂದೊಂದು ಕಸುಬಿನ ಸಂಘದ್ದಂತೆ: ರೊಟ್ಟಿ ಸುಡುವವರದು, ದೋಣಿಯವರದು, ಬಡಿಗರದು. ಬಡಿಗರ ಮನೆಗೆ ಬಂಗಾರದ ಬಣ್ಣವನ್ನು ಒಂದು ಕೈ ಹೆಚ್ಚಿಗೇ ಹೊಡೆಸಿದೆ.

ಟೌನ್ ಹಾಲಿನ ಹೆಬ್ಬಾಗಿಲನ್ನು ಕಾಕಾನಿಗೆ ವಹಿಸಿದ್ದೆ. ನನ್ನನ್ನು ವಿಜಯಪುರದ ಕಡೆಯಿಂದ ಕುರ್ಲಾಕ್ಕೆ ಕರೆತಂದು ಕೈಗೆ ಉಳಿ ಕೊಟ್ಟವನು ಆತ. ಆ ಬಾಗಿಲೊಳಗಿಂದ ಜೋಡಿ ಕುದುರೆಯ ಸಾರೋಟು ಚೌಕಕ್ಕೆ ಬರಬೇಕಿತ್ತು. ಕೆಲಸ ಮುಗಿದ ದಿನ ಮಧ್ಯಾಹ್ನ ಮೂರಕ್ಕೆ ನಿರ್ದೇಶಕರು ಸೆಟ್ ನೋಡಲು ಬರುವವರಿದ್ದರು. ಅವತ್ತು ಬೆಳಿಗ್ಗೆ ನಾವೇ ಸಾರೋಟು ಓಡಿಸಿ ನೋಡಿದೆವು. ಕುದುರೆಗಳು ದಾಟಿದವು, ಮುಂದಿನ ಗಾಲಿ ಬಡಿದು ನಿಂತಿತು. ಕಮಾನಿನ ಕೆಳಗೆ ನಾಲ್ಕಿಂಚು ಎತ್ತರದ ಸಾಗವಾನಿ ಹೊಸ್ತಿಲು. ಅದರ ಮೇಲೆ ಅರಿಸಿನ, ಕುಂಕುಮ, ಎರಡು ಹೂವು.

“ಕಾಕಾ, ಇದನ್ನ ಹಾಕಾಕ ಯಾರ ಹೇಳಿದ್ರು?”

“ಯಾರ ಹೇಳಬೇಕ? ಬಾಗಿಲಂದ್ರ ಹೊಸ್ತಿಲ ಬ್ಯಾಡೇನು? ನಿನಗ ಹಂಗ ಕಲಿಸೇನೇನ ನಾ?”

“ಇದರಾಗ ಸಾರೋಟ ಹಾಯಬೇಕಲ್ಲ.”

“ಗಾಡಿ ಮನಿಯೊಳಗ ಹೊಗಸ್ತಾರಂತ ನನಗೇನ ಕನಸ ಬಿದ್ದಿತ್ತ? ತಮ್ಮಾ, ಪೂಜಿ ಮಾಡಿದ ಹೊಸ್ತಿಲಕ್ಕ ನಾ ಗರಗಸ ಹಚ್ಚಾಂವಲ್ಲ. ದೊಡ್ಡ ಮೇಸ್ತ್ರಿ ಆಗೀದಿ, ನೀನ ಹಚ್ಚು.”

ಕೆಲಸದವರೆಲ್ಲ ಕೈಲಿದ್ದದ್ದು ಬಿಟ್ಟು ನೋಡುತ್ತಿದ್ದರು. ಕೊಯ್ದರೆ ಐದು ನಿಮಿಷದ ಕೆಲಸ. ಆದರೆ ಅಷ್ಟು ಜನರೆದುರು ಕೊಯ್ದಿದ್ದರೆ ಕಾಕಾ ಮರುದಿನ ನನ್ನ ಕೆಲಸಕ್ಕೆ ಬರುತ್ತಿರಲಿಲ್ಲ. ತಲೆ ತಗ್ಗಿಸಿ ನಿಂತೆ. ಆಗ ಕಾಲಡಿಯ ಕಲ್ಲುಹಾಸು ಕಂಡಿತು. ಅದೂ ಅಚ್ಚಿನಲ್ಲಿ ಎರೆದ ಫೈಬರ್ ಹಾಳೆಯೇ ತಾನೆ? ಹೊಸ್ತಿಲು ಇಳಿಯದಿದ್ದರೆ ನೆಲ ಏರಲಿ ಎಂದುಕೊಂಡೆ.

ಎರಡೂ ಬದಿ ಹತ್ತು ಹತ್ತು ಅಡಿ ಕಲ್ಲುಹಾಸು ಎಬ್ಬಿಸಿದೆವು. ಅದು ಹೊಸ್ತಿಲ ಕಡೆಗೆ ಏರುವ ಹಾಗೆ ಕೆಳಗೆ ಇಳಿಜಾರಿನ ಮರದ ಪಟ್ಟಿ ಕೊಡಬೇಕು. ನಾನು ಗುರುತು ಹಾಕುವಷ್ಟರಲ್ಲಿ ಕಾಕಾ ಪೆನ್ಸಿಲ್ ಕಸಿದುಕೊಂಡ. “ಅತ್ತಾಗ ಸರಿ. ಫೂಟಿಗೆ ಎಷ್ಟ ಏರಬೇಕನ್ನೂದು ನನಗ ಗೊತ್ತೈತಿ.” ಊಟ ಬಿಟ್ಟು ಕೆಲಸ ಮಾಡಿದೆವು. ಹೊಸ್ತಿಲ ನೆತ್ತಿ ಕಲ್ಲಿಗೆ ಸಮವಾಯಿತು. ಸಾರೋಟು ಹಾದು ಹೋಯಿತು, ಒಳಗೆ ಕೂತವನ ಟೊಪ್ಪಿಗೆಯೂ ಅಲುಗಲಿಲ್ಲ.

ಮೂರಕ್ಕೆ ನಿರ್ದೇಶಕರು ಬಂದು ಚೌಕವನ್ನೆಲ್ಲ ಸುತ್ತಿದರು, ನಾಳೆಯಿಂದ ಶೂಟಿಂಗ್ ಎಂದು ಹೇಳಿ ಹೋದರು. ಕಲಾ ನಿರ್ದೇಶಕಿ ಮಾತ್ರ ಕಮಾನಿನ ಹತ್ತಿರ ನಿಂತರು.

“ಮೇಸ್ತ್ರಿ, ಈ ಏರು ನಕ್ಷೆಯಲ್ಲಿ ಇರಲಿಲ್ಲ.”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಎರಡು ಸಲ ಅತ್ತಿತ್ತ ನಡೆದು ನೋಡಿದರು. ಹಳೇ ಊರುಗಳಲ್ಲಿ ನೆಲ ಹೀಗೇ ಏರಿರುತ್ತದೆ, ನನಗೇ ಹೊಳೆಯಲಿಲ್ಲ ಎಂದರು. ಆಮೇಲೆ ನಕ್ಷೆ ಬಿಡಿಸಿ, ನನ್ನದೇ ಪೆನ್ಸಿಲ್ ಇಸಿದುಕೊಂಡು, ಆ ಏರನ್ನು ಅದರಲ್ಲಿ ಗೀಚಿದರು. ಇಷ್ಟು ವರ್ಷ ನಕ್ಷೆ ನೋಡಿ ಕಟ್ಟಿದ್ದೇನೆ. ನಾವು ಕಟ್ಟಿದ್ದನ್ನು ನೋಡಿ ನಕ್ಷೆ ಬರೆದದ್ದು ಅವತ್ತೇ.