ಹುಲ್ಲಜ್ಜನ ಹುಲ್ಲಿಗೆ ಹುಳ ಬಿದ್ದದ್ದು

ನಮ್ಮಪ್ಪನನ್ನು ಬೀದಿಯವರೆಲ್ಲ ಹುಲ್ಲಜ್ಜ ಎನ್ನುತ್ತಾರೆ. ಮೂವತ್ತೊಂದು ವರ್ಷ ಆಟದ ಮೈದಾನದ ಹುಲ್ಲು ನೋಡಿಕೊಂಡವನು. ನೀರು ಬಿಟ್ಟ ದಿನ ಹುಲ್ಲಿನ ಮೇಲೆ ಕಾಲಿಟ್ಟರೆ ತಂಡದ ನಾಯಕನಿಗೂ ಮುಖ ಮೋರೆ ನೋಡದೆ ಬೈಯುತ್ತಿದ್ದನಂತೆ. ನಿವೃತ್ತನಾದ ಮೇಲೆ ಆ ಹುಚ್ಚು ಮನೆಗೂ ಬಂತು. ಮುಂದಿನ ಅಂಗಳದಲ್ಲಿ ನಾಲ್ಕು ಮಂಚ ಹಿಡಿಸುವಷ್ಟು ಜಾಗ, ಅಷ್ಟಕ್ಕೂ ಹುಲ್ಲುಹಾಸು. ನಾಲ್ಕು ಬದನೆ ಗಿಡ ನೆಟ್ಟಿದ್ದರೆ ಸಾರಿಗಾದರೂ ಆಗುತ್ತಿತ್ತು ಎಂದು ನಾನು ಗೊಣಗಿದ್ದೇ ಬಂತು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಎರಡು ವರ್ಷದಿಂದ ಅಪ್ಪನಿಗೆ ಮರೆವು. ಊಟ ಮಾಡಿ ಕೈ ತೊಳೆದವನು ಊಟ ಯಾವಾಗ ಎನ್ನುತ್ತಾನೆ. ನಾನು ಅವನಿಗೆ ಒಂದು ದಿನ ಮಗಳು, ಒಂದು ದಿನ ಅವನ ಅಕ್ಕ, ಇನ್ನೊಂದು ದಿನ ನರ್ಸಮ್ಮ. ಆದರೂ ಸಂಜೆ ಒಬ್ಬನೇ ಬೀದಿಯ ತುದಿಗೆ ಹೋಗಿ ತಪ್ಪದೆ ವಾಪಸು ಬರುತ್ತಿದ್ದ. ನಮ್ಮ ಬೀದಿಯಲ್ಲಿ ಒಂದೇ ಅಚ್ಚಿನ ಒಂಬತ್ತು ಮನೆಗಳಿವೆ, ಗೇಟಿನ ಬಣ್ಣವೂ ಒಂದೇ. ಹುಲ್ಲಿರುವುದು ನಮ್ಮ ಮನೆಗೆ ಮಾತ್ರ. ಹಸಿರು ಕಂಡಲ್ಲಿ ಅಪ್ಪ ಒಳಗೆ ತಿರುಗುತ್ತಿದ್ದ. ಇದೊಂದು ಓಡಾಟ ನಿಂತರೆ ಉಳಿದದ್ದೂ ಬೇಗ ಹೋಗುತ್ತದೆ, ಕೂಡಿಹಾಕಬೇಡಿ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ನನ್ನ ಹೊಲಿಗೆ ಯಂತ್ರವನ್ನು ಮುಂದಿನ ಕಿಟಕಿಗೆ ಎಳೆದು ತಂದೆ. ಅವನಿಗೆ ದಾರಿ ಕಾಣಲೆಂದು ಸಂಜೆಯಾಗುತ್ತಲೇ ಗೇಟಿನ ದೀಪ ಹಾಕುತ್ತಿದ್ದೆ.

ಮಳೆ ಹಿಂದಾಗುವ ಹೊತ್ತಿಗೆ ಆ ದೀಪದ ಕೆಳಗೇ ಹುಲ್ಲು ಹಳದಿಯಾಯಿತು. ನೀರು ಸಾಲದೇನೋ ಎಂದು ಪೈಪು ಹಿಡಿದೆ. ಹಳದಿ ಹೋಗಿ ಕಂದು ಬಣ್ಣಕ್ಕೆ ತಿರುಗಿತು. ಪಕ್ಕದ ಮನೆಯ ನಾಯಿಯದೇ ಕೆಲಸ ಎಂದು ಅಲ್ಲಿಗೂ ಹೋಗಿ ಜಗಳವಾಡಿ ಬಂದೆ. ಆ ಮನೆಯಾಕೆ ನನ್ನೊಡನೆ ಮಾತು ಬಿಟ್ಟಳು. ಅಷ್ಟರಲ್ಲಿ ಕಾಗೆ, ಗೊರವಂಕಗಳು ಬಂದು ಹುಲ್ಲು ಕೆದಕತೊಡಗಿದವು. ಇವೇ ಕಳ್ಳರು ಎಂದು ಕೈಯಲ್ಲಿದ್ದ ಅಳತೆಕೋಲು ಹಿಡಿದು ಓಡಿದೆ. ಮೆಟ್ಟಿಲ ಮೇಲೆ ಕೂತಿದ್ದ ಅಪ್ಪ ನನ್ನ ತೋಳು ಹಿಡಿದ.

"ಓಡಿಸಬೇಡ, ತಿನ್ನಲಿ ಬಿಡು," ಎಂದ.

ಏನು ತಿನ್ನಲಿ, ಹುಲ್ಲನ್ನೇ? ಅರಳುಮರಳು ಎಂದುಕೊಂಡೆ. ಹಳೆಯ ಸ್ಟೀಲು ತಟ್ಟೆಗಳನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟೆ, ಒಂದು ಹಕ್ಕಿಯೂ ಹತ್ತಿರ ಸುಳಿಯಲಿಲ್ಲ. ದೊಡ್ಡ ಬುದ್ಧಿವಂತೆ ನಾನು.

ಮೂರು ವಾರ ಕಳೆದ ಮೇಲೆ ಒಣಗಿದ್ದನ್ನಾದರೂ ತೆಗೆಯೋಣವೆಂದು ಹಿಡಿದೆಳೆದರೆ ಹುಲ್ಲು ಚಾಪೆ ಸುತ್ತಿದ ಹಾಗೆ ಎದ್ದು ಬಂತು. ಬೇರುಗಳೇ ಇಲ್ಲ. ಅಡಿಯಲ್ಲಿ ಬಿಳಿ ಹುಳಗಳು, ಕಿರುಬೆರಳಿನ ದಪ್ಪ, ಕಂದು ತಲೆ, ಕೊಕ್ಕೆಯಂತೆ ಬಾಗಿ ಮಲಗಿದ್ದವು. ನಾಲ್ಕನ್ನು ಡಬ್ಬಿಗೆ ಹಾಕಿಕೊಂಡು ಬೀಜ ಗೊಬ್ಬರದ ಅಂಗಡಿಗೆ ಹೋದೆ. ಅಂಗಡಿಯಾತ ನೋಡಿದವನೇ ಗೊಣ್ಣೆಹುಳು ಎಂದ. ಮೊದಲ ಮಳೆಗೆ ದುಂಬಿಗಳು ದೀಪ ಕಂಡಲ್ಲಿಗೆ ಬಂದು ಹುಲ್ಲಿನಲ್ಲಿ ಮೊಟ್ಟೆಯಿಡುತ್ತವೆ, ಮರಿ ಸಣ್ಣದಿದ್ದಾಗ ಮದ್ದಿಗೆ ಸಾಯುತ್ತದೆ, ಹೀಗೆ ಕೊಬ್ಬಿದ ಮೇಲೆ ಯಾವುದಕ್ಕೂ ಜಗ್ಗುವುದಿಲ್ಲ ಎಂದು ವಿವರಿಸಿದ. ಕೈಯಲ್ಲಿ ಆರಿಸಿ, ಉಳಿದದ್ದನ್ನು ಹಕ್ಕಿಗಳಿಗೆ ಬಿಡಿ, ಮುಂದಿನ ಮಳೆಗೆ ಹೊಸ ಹುಲ್ಲು ನೆಡಿ ಎಂದ. ಹಕ್ಕಿಯ ಮಾತು ಬಂದಾಗ ನಾನು ತಲೆ ತಗ್ಗಿಸಿದೆ. ಮುಂದಿನ ಮಳೆಯ ಹೊತ್ತಿಗೆ ಅಪ್ಪನಲ್ಲಿ ಏನು ಉಳಿದಿರುತ್ತದೋ ಎಂದು ಅಂಗಡಿಯಾತನನ್ನು ಕೇಳಿ ಏನು ಪ್ರಯೋಜನ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ತಟ್ಟೆಗಳನ್ನು ಬಿಚ್ಚಿದೆ. ಎರಡು ದಿನ ಹೊಲಿಗೆ ಬಿಟ್ಟು ಕುಕ್ಕರುಗಾಲಲ್ಲಿ ಕೂತು ಹುಳ ಆರಿಸಿ ಸೋಪಿನ ನೀರಿಗೆ ಹಾಕಿದೆ. ಹುಳದ ಜೊತೆ ಹುಲ್ಲೂ ಹಿಡಿ ಹಿಡಿಯಾಗಿ ಬಂತು. ಕೊನೆಗೆ ಅಂಗಳದಲ್ಲಿ ಉಳಿದದ್ದು ಬರೀ ಮಣ್ಣು.

ಆ ಸಂಜೆ ಅಪ್ಪ ನಮ್ಮ ಗೇಟು ದಾಟಿ ಮುಂದೆ ಹೋದ. ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬಂದ, ಮತ್ತೆ ದಾಟಿದ. ನಾನು ಓಡಿಹೋಗಿ ಕೈ ಹಿಡಿದು ಕರೆತಂದರೆ ಗೇಟಿನಲ್ಲಿ ಕಾಲೂರಿ ನಿಂತುಬಿಟ್ಟ. ಇದು ತನ್ನ ಮನೆಯಲ್ಲ, ತನ್ನ ಮನೆಯಲ್ಲಿ ಹುಲ್ಲಿದೆ ಎಂದ. ಬೇಡಿಕೊಂಡೆ, ಗದರಿದೆ, ಒಳಗಿನಿಂದ ಅವನ ಕನ್ನಡಕದ ಡಬ್ಬಿ, ಕೊಡೆ ಎಲ್ಲ ತಂದು ತೋರಿಸಿದೆ. ಊಹೂಂ.

ಆಮೇಲೆ ಅವನೇ ಬಗ್ಗಿ ಗೇಟಿನ ಬುಡದ ಮಣ್ಣು ಕೆದಕಿದ. ನನ್ನ ಕಣ್ತಪ್ಪಿದ್ದ ಒಂದು ಹುಳ ಸಿಕ್ಕಿತು. ಅಂಗೈಯಲ್ಲಿಟ್ಟುಕೊಂಡು ನೋಡುವಾಗ ಮೈದಾನದ ಕಾಲದ ಮುಖ ಬಂತು. ನನಗೆ ನೀವು ತಾವು ಎನ್ನುತ್ತಾ ತಿಳಿಹೇಳಿದ. ಒಂದಡಿ ಹುಲ್ಲನ್ನು ಮೂರು ಬದಿ ಕೊಯ್ದು ಎತ್ತಿ ನೋಡಬೇಕು, ನಾಲ್ಕೈದು ಹುಳ ಇದ್ದರೆ ಹೆದರಬೇಡಿ, ಹತ್ತು ದಾಟಿದರೆ ಸುಮ್ಮನಿರಬೇಡಿ, ಮೊದಲ ಮಳೆಗೆ ದೀಪ ಆರಿಸಿ, ಹಕ್ಕಿ ಓಡಿಸಬೇಡಿ. ಒಂದೂ ತಪ್ಪಿಲ್ಲ. ಇಷ್ಟೂ ಈ ತಲೆಯಲ್ಲೇ ಇತ್ತು, ಕೇಳಬೇಕೆಂದು ನನಗೆ ತೋಚಲೇ ಇಲ್ಲ.

"ಈ ಮನೇಲಿ ಒಬ್ಬ ಮುದುಕ ಇದ್ದ, ಹುಲ್ಲು ಚೆನ್ನಾಗಿ ನೋಡ್ಕೋತಿದ್ದ," ಎಂದ. "ಹೋಗಿಬಿಟ್ಟ ಅಂತ ಕಾಣುತ್ತೆ. ನಿಮಗೆ ಏನಾಗಬೇಕು ಅವನು?"

"ಅಪ್ಪ ಆಗಬೇಕು," ಎಂದೆ.

ಅವನು ಪಾಪ ಎಂದು ಲೊಚಗುಟ್ಟಿ, ಮಣ್ಣು ಮೆತ್ತಿದ ಕೈಯಲ್ಲೇ ನನ್ನ ತಲೆ ಸವರಿದ. ಕತ್ತಲಾಗುವುದರೊಳಗೆ ಮನೆ ಸೇರಬೇಕು, ಮಗಳು ಕಾಯುತ್ತಿರುತ್ತಾಳೆ ಎಂದು ಹೇಳಿ ಹೊರಟ. ನಾನು ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆಯೇ ಹೋದೆ.